ನೀಲಿಸಗಾನ್ ಮನೆತನ

ನಮ್ಮ ಕಡೆ ಹೋರಿಗಳಿಗೆ ವಂಶಾವಳಿ ಬರೆಸುವುದು ಹಳೆಯ ರೂಢಿ. ಮನುಷ್ಯರಿಗೂ ಬರೆಸುವ ಹುಚ್ಚು ಹತ್ತಿದ್ದು ಡಾಕ್ಟರ್ ಫೆರ್ಮಿನ್ ಕಿಲಿಯನ್ ಬ್ಯೂನಸ್ ಐರಿಸ್‌ನಿಂದ ನಮ್ಮ ಸಾನ್ ಎಲೀಯಾಸಿಗೆ ಬಂದು ಹಲ್ಲಿನ ದವಾಖಾನೆ ತೆರೆದ ಮೇಲೆ. ಕುರ್ಚಿಯಲ್ಲಿ ಕೂತವರ ಬಾಯಿಗೆ ಹತ್ತಿ ತುರುಕಿ, "ನಿಮ್ಮ ಮುತ್ತಾತ ಐರ್ಲೆಂಡಲ್ಲಿ ಯಾವ ಕಡೆಯೋರು?" ಎಂದು ಕೇಳುತ್ತಿದ್ದ. ನೋವಿಗೆ ಅವರು ಹೊರಡಿಸಿದ ಸದ್ದನ್ನೇ ಊರಿನ ಹೆಸರೆಂದು ಹಿಡಿದುಕೊಳ್ಳುತ್ತಿದ್ದ. ದವಡೆಯ ಬಾವು ಇಳಿಯುವಷ್ಟರಲ್ಲಿ ಒಂದು ರಾಜವಂಶ ತಯಾರಾಗಿರುತ್ತಿತ್ತು.

ನಮ್ಮ ಹಿರಿಯರು ಐರ್ಲೆಂಡಿನಿಂದ ಈ ಬಯಲಿಗೆ ಬಂದದ್ದು ಕುರಿ ಕಾಯಲು. ಹಡಗಿನಿಂದ ಇಳಿಯುವಾಗ ಅವರ ಕಾಲಲ್ಲಿ ಜೋಡು ಕೂಡ ಇರಲಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ಡಾಕ್ಟರು ಕೈ ಹಾಕಿದ ಮೇಲೆ ಬರಿಗಾಲಲ್ಲಿ ಇಳಿದವನು ಒಬ್ಬನೂ ಉಳಿಯಲಿಲ್ಲ. ಒಬ್ಬ ದೊರೆಯ ಅಣ್ಣನ ಮಗನಾದರೆ ಇನ್ನೊಬ್ಬ ದೊರೆಯ ಭಾವಮೈದ. ಅಷ್ಟೊಂದು ದೊರೆಗಳಿದ್ದ ದ್ವೀಪದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದವರು ಯಾರು ಎಂದು ನಾನೊಮ್ಮೆ ಕೇಳಿದ್ದೆ. ಡಾಕ್ಟರು ಒಂದು ಗಳಿಗೆಯೂ ಯೋಚಿಸದೆ, "ಇಂಗ್ಲಿಷರು" ಅಂದ.

ಇಂಗ್ಲಿಷರ ಮಾತು ಬಂದರೆ ನಮ್ಮವರಿಗೆ ಮೈಯೆಲ್ಲ ಉರಿ. ನಮ್ಮ ಹಿರಿಯರನ್ನು ಉಪವಾಸ ಕೆಡವಿ ಊರು ಬಿಡಿಸಿದವರು ಅವರೇ ಎಂದು ಊರಿನ ಐರಿಷ್ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಭಾಷಣವಾಗುತ್ತದೆ, ಆಮೇಲೆ ಎಲ್ಲರೂ ಹೊಟ್ಟೆ ಬಿರಿಯೆ ಉಣ್ಣುತ್ತಾರೆ. ದೇವರ ತಮಾಷೆ ಏನೆಂದರೆ, ಸಾನ್ ಎಲೀಯಾಸಿನ ಉಳಿದ ಜನ ನಮ್ಮನ್ನು ಕರೆಯುವುದೇ "ಇಂಗ್ಲಿಷರು" ಅಂತ. ಮನೆಯಲ್ಲಿ ಇಂಗ್ಲಿಷ್ ಆಡುತ್ತೇವೆ, ಮೂತಿ ಕೆಂಪಗಿದೆ, ಅವರಿಗೆ ಅಷ್ಟು ಸಾಕು. ನಮ್ಮವರ ಹಳೆಯ ಐರಿಷ್ ಭಾಷೆ ಊರಿನಲ್ಲಿ ಒಬ್ಬರಿಗೂ ಬರುವುದಿಲ್ಲ. ಅದು ಹೋಯಿತಲ್ಲ ಎಂದು ಕಣ್ಣೀರು ಹಾಕುವುದು ಮಾತ್ರ ಎಲ್ಲರಿಗೂ ಚೆನ್ನಾಗಿ ಬರುತ್ತದೆ.

ಈ ಎಲ್ಲ ಕಣ್ಣೀರಿನ ಯಜಮಾನಿ ನನ್ನ ಅಪ್ಪನ ಅಕ್ಕ, ಒನೋರಿಯಾ ಅತ್ತೆ. ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಆಗ ಅವಳಿಗೆ ಎಪ್ಪತ್ತರ ಹತ್ತಿರ. ಗಂಡ ಮನೆ ಅಳಿಯನಾಗಿ ಬಂದು, ಸದ್ದಿಲ್ಲದೆ ಬದುಕಿ, ಸದ್ದಿಲ್ಲದೆ ಸತ್ತಿದ್ದ. ಮಗಳು, ಅಳಿಯ ಇಬ್ಬರೂ ರೈಲು ಅಪಘಾತದಲ್ಲಿ ಹೋದ ಮೇಲೆ ಮೊಮ್ಮಗಳು ಐಲೀನಳನ್ನು ತಾನೇ ಸಾಕಿದ್ದಳು. ಜಮೀನು, ದನ, ಆಳುಕಾಳು ನೋಡಿಕೊಳ್ಳುತ್ತಿದ್ದವನು ನಾನು. ನನ್ನನ್ನು ನೋಡಿಕೊಳ್ಳುತ್ತಿದ್ದವಳು, ಅಂದರೆ ಬೈಯುತ್ತಿದ್ದವಳು, ಅತ್ತೆ.

ನಮ್ಮ ಮನೆತನದ ಮೊದಲಿಗ ಕೋಲ್ಮನ್ ಮ್ಯಾನಿಯನ್, ಅತ್ತೆಯ ತಾತ. ಹತ್ತು ವರ್ಷ ತುಂಬದ ಹುಡುಗನಾಗಿದ್ದಾಗ ಯಾರೋ ನಾಲ್ಕು ಮನೆಯವರ ಜೊತೆ ಹಡಗಿನಲ್ಲಿ ಬಂದಿಳಿದವನು. ಇಲ್ಲಿ ಕುರಿ ಕಾಯ್ದ, ಜಮೀನು ಮಾಡಿದ, ಕಸಿಮಿರಾ ಎಂಬ ಇಲ್ಲಿನ ಕಪ್ಪು ಜಡೆಯ ಹೆಂಗಸನ್ನು ಮದುವೆಯಾದ. (ಡಾಕ್ಟರು ಬರೆದುಕೊಟ್ಟ ವಂಶಾವಳಿಯ ಚಿತ್ರಪಟದಲ್ಲಿ ಈ ಕಸಿಮಿರಾ ಸ್ಪೇನಿನ ದೊಡ್ಡಮನೆಯ ಹೆಣ್ಣಾಗಿ ಬೆಳ್ಳಗೆ ಕೂತಿದ್ದಾಳೆ.) ಅವನ ಸಮಾಧಿಯ ಕಲ್ಲಿನ ಮೇಲೆ ಹೆಂಡತಿ ಕೆತ್ತಿಸಿದ್ದು ಒಂದೇ ಸಾಲು: ಕೋಲ್ಮನ್ ಮ್ಯಾನಿಯನ್, ಐರ್ಲೆಂಡಿನ ನೀಲಿಸಗಾನ್ ಊರಿನವನು.

ಆ ಸಾಲಿನ ಮೇಲೆ ನಮ್ಮ ಮನೆತನವೆಲ್ಲ ನಿಂತಿತ್ತು. ಜಮೀನಿನ ಹೆಬ್ಬಾಗಿಲ ಕಮಾನಿನ ಮೇಲೆ ಕಬ್ಬಿಣದ ಅಕ್ಷರದಲ್ಲಿ ನೀಲಿಸಗಾನ್. ದನಗಳ ಪೃಷ್ಠದ ಮೇಲಿನ ಮುದ್ರೆಯಲ್ಲಿ ನೀಲಿಸಗಾನ್. ರಾಜಧಾನಿಯ ಪ್ರದರ್ಶನದಲ್ಲಿ ಪದಕ ಗೆದ್ದ ನಮ್ಮ ಹೋರಿಯ ಹೆಸರು ಮೂರನೆಯ ನೀಲಿಸಗಾನ್. ಆ ಹೆಸರನ್ನು ಸರಿಯಾಗಿ ಹೇಳುವ ಅಧಿಕಾರ ಮಾತ್ರ ಅತ್ತೆಯದು. "ಸಗಾನ್ ಅಲ್ಲ ಕಣೋ, ಸಗಮ್. ನೀಲಿಸಗಮ್. ಇಲ್ಲಿನೋರ ನಾಲಿಗೆಗೆ ತಿರುಗದೆ ಕಲ್ಲಲ್ಲಿ ತಪ್ಪು ಕೆತ್ತಿದಾರೆ. ತಾತ ಹೇಳಿದ್ದನ್ನ ನಾನು ಈ ಕಿವೀಲಿ ಕೇಳಿದೀನಿ" ಎನ್ನುತ್ತಿದ್ದಳು. ಮುದಿತನದಲ್ಲಿ ತಾತ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಮರೆತು ಹಳೆಯ ಭಾಷೆಯಲ್ಲಿ ತನ್ನಷ್ಟಕ್ಕೆ ಗೊಣಗುತ್ತಿದ್ದನಂತೆ. ಚಿಕ್ಕ ಒನೋರಿಯಾ ತೊಡೆಯ ಮೇಲೆ ಕೂತು, "ತಾತ, ನಿನ್ನ ಊರು ಯಾವುದು?" ಎಂದು ದಿನಾ ಕೇಳುವುದು, ಅವನು ದಿನಾ "ನೀಲಿಸಗಮ್" ಅನ್ನುವುದು.

ಈ ಊರು ಯಾವ ನಕ್ಷೆಯಲ್ಲೂ ಇರಲಿಲ್ಲ. ಅತ್ತೆ ಐರ್ಲೆಂಡಿನ ಪಾದ್ರಿಗಳಿಗೆ ಬರೆದಳು, ಮಠಗಳಿಗೆ ಬರೆದಳು. ಇಲ್ಲ ಎಂದೇ ಉತ್ತರ. ಬೇರೆ ಯಾರಾದರೂ ಇಷ್ಟಕ್ಕೆ ಅನುಮಾನ ಪಡುತ್ತಿದ್ದರು. ನಮ್ಮವರು ಹೆಮ್ಮೆ ಪಟ್ಟರು. ನಕ್ಷೆಯಿಂದ ಅಳಿಸಬೇಕಾದರೆ ಇಂಗ್ಲಿಷರಿಗೆ ಆ ಊರಿನ ಮೇಲೆ ಎಷ್ಟು ಹೊಟ್ಟೆಕಿಚ್ಚು ಇದ್ದಿರಬೇಕು! ಡಾಕ್ಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದು ಒಬ್ಬ ಮಹಾರಾಜನ ರಾಜಧಾನಿ, 'ನೀಲ'ನ ಗದ್ದುಗೆ ಎಂದು ಅದರ ಅರ್ಥ, ಈಗ ಸರೋವರದ ತಳದಲ್ಲಿದೆ ಎಂದು ಸಾಧಿಸಿದ. ಅತ್ತೆ ಅವನಿಗೆ ಒಂದು ಕೊಬ್ಬಿದ ಕರು ಕಳಿಸಿಕೊಟ್ಟಳು.

ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮಲ್ಲಿ ಮದುವೆಗೆ ಮೂಲದ ಊರು ಹೊಂದಬೇಕು. ಹುಡುಗನ ಮುತ್ತಾತ, ಹುಡುಗಿಯ ಮುತ್ತಾತ ಒಂದೇ ಊರಿನವರೋ, ಕೊನೇ ಪಕ್ಷ ಅಕ್ಕಪಕ್ಕದ ಊರಿನವರೋ ಆಗಿರಬೇಕು. ನೀಲಿಸಗಾನ್ ಎಲ್ಲಿದೆ ಎಂದು ಯಾರಿಗೂ ತಿಳಿಯದ್ದರಿಂದ ನಮಗೆ ಒಂದು ಅನುಕೂಲವಿತ್ತು. ದೊಡ್ಡ ಜಮೀನಿದ್ದವರ ಊರೆಲ್ಲ ಡಾಕ್ಟರ ಲೆಕ್ಕದಲ್ಲಿ ನೀಲಿಸಗಾನಿನ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಜಮೀನಿಲ್ಲದವರ ಊರು ಎಷ್ಟು ಎಳೆದರೂ ನದಿಯ ಆಚೆ ದಡದಲ್ಲೇ ಉಳಿಯುತ್ತಿತ್ತು.

ಐಲೀನ್ ಮನಸ್ಸು ಕೊಟ್ಟದ್ದು ರಮೀರೋ ಬರಾಸಾ ಎಂಬ ಹುಡುಗನಿಗೆ. ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಯಂತ್ರ ಕೆಟ್ಟಾಗ ಅವನು ಬರುತ್ತಿದ್ದನೋ, ಅವನು ಬರಲೆಂದು ಯಂತ್ರ ಕೆಡುತ್ತಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ. ಒಳ್ಳೆಯ ಹುಡುಗ. ನನಗೆ ಅವನನ್ನು ಕಂಡರೆ ಇಷ್ಟ ಎಂದು ಈಗಲೇ ಹೇಳಿಬಿಡುತ್ತೇನೆ.

ಮಾರ್ಚ್ ಮೊದಲ ಭಾನುವಾರ ರಮೀರೋ ತನ್ನ ತಾತ ಯೂಸೇಬಿಯೋನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ. ಮುದುಕ ಬದುಕಿಡೀ ಕೊಯ್ಲಿನ ಕೂಲಿಯವನು. ಅಂದು ಯಾರದೋ ಕೋಟು ಹಾಕಿದ್ದ, ತೋಳು ಬೆರಳ ತುದಿಯವರೆಗೆ ಬಂದಿತ್ತು. ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿಗೆ ಬಿಸಿನೀರು ಹುಯ್ದು ಐಲೀನ್ ಒಬ್ಬೊಬ್ಬರಿಗೆ ಕೊಡುತ್ತಾ ಬಂದಳು. ಎಲ್ಲರೂ ಒಂದೇ ಕೊಳವೆಯಲ್ಲಿ ಹೀರಿದೆವು. ಅತ್ತೆ ಹೀರಲಿಲ್ಲ.

"ಒನೋರಿಯಾ ಅಮ್ಮಾವ್ರೇ, ನಮ್ಮ ಹುಡುಗ ಕುಡಿಯಲ್ಲ, ಜೂಜಾಡಲ್ಲ..." ಎಂದು ಮುದುಕ ಶುರುಮಾಡಿದ.

"ಅದೆಲ್ಲ ಇರ್ಲಿ. ನಿಮ್ಮ ಕಡೆಯೋರು ಮೂಲದಲ್ಲಿ ಎಲ್ಲಿಯೋರು?"

ಮುದುಕ ಮೊಮ್ಮಗನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಗೊತ್ತಿಲ್ಲ ಅಮ್ಮಾವ್ರೇ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ."

ಅತ್ತೆ ಎದ್ದು ನಿಂತಳು. "ನಮ್ಮದು ನೀಲಿಸಗಮ್‌ನ ಮನೆತನ. ಗೊತ್ತುಗುರಿ ಇಲ್ಲದ ಮನೆಗೆ ನಮ್ಮ ಹುಡುಗೀನ ಕೊಡಕ್ಕಾಗಲ್ಲ. ಎಡ್ಮುಂಡೋ, ಇವರನ್ನ ಗೇಟಿನ ತನಕ ಬಿಟ್ಟು ಬಾ."

ಎಡ್ಮುಂಡೋ ಎಂದರೆ ನಾನು, ಅವರಿಬ್ಬರನ್ನು ಕರೆದುಕೊಂಡು ಹೊರಟೆ. ಕಮಾನಿನ ಕೆಳಗೆ ಬಂದಾಗ ಮುದುಕ ಟೋಪಿ ತೆಗೆದು ಮೇಲಿನ ಅಕ್ಷರಗಳನ್ನು ನೋಡಿದ. ಓದಲು ಬರದಿದ್ದರೂ ನೋಡಿದ. "ಇಂಗ್ಲಿಷರಿಗೆ ಎಷ್ಟು ದೊಡ್ಡ ಊರಿರುತ್ತೆ ಅಲ್ವಾ" ಅಂದ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಐಲೀನ್ ಅಳಲಿಲ್ಲ, ಕಿರುಚಾಡಲಿಲ್ಲ. ಓಡಿಹೋಗು ಎಂದು ನಾನೇ ಮೆಲ್ಲಗೆ ಹೇಳಿದೆ. "ಇಲ್ಲ ಮಾಮ. ನನ್ನ ಎತ್ತಿ ಆಡಿಸಿದೋಳು ಅಜ್ಜಿ. ಅವಳ ಬೆನ್ನಿಗೆ ಚಾಕು ಹಾಕಿ ಹೋದ್ರೆ ನಾನು ಸುಖವಾಗಿರ್ತೀನಾ?" ಅಂದಳು. ರಮೀರೋ ದಕ್ಷಿಣದ ತೈಲಬಾವಿಗಳಲ್ಲಿ ಕೆಲಸಕ್ಕೆ ಹೆಸರು ಕೊಟ್ಟ. ಅದೇ ಮಾರ್ಚ್ ಹದಿನೇಳಕ್ಕೆ ಐರಿಷರ ಸಂತ ಪ್ಯಾಟ್ರಿಕನ ಹಬ್ಬ, ಅದು ಮುಗಿದ ವಾರ ಅವನು ಹೊರಡುವವನು. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ನಾನು ಕಂಡಿಲ್ಲ. ಹಬ್ಬದೊಳಗೆ ಅತ್ತೆಯ ಮನಸ್ಸು ತಿರುಗದಿದ್ದರೆ ಕಥೆ ಮುಗಿಯಿತು. ಅತ್ತೆಯ ಮನಸ್ಸಿಗಿಂತ ಬಯಲಿನ ಗಾಳಿಯನ್ನು ತಿರುಗಿಸುವುದು ಸುಲಭ.

ಹಬ್ಬದ ಹೊತ್ತಿಗೆ ನಮ್ಮ ಮನೆಗೆ ಒಬ್ಬ ಅತಿಥಿ ಬಂದ. ಮೀಹಾಲ್ ಕೀನ್, ಐರ್ಲೆಂಡಿನ ಪಶ್ಚಿಮ ದಂಡೆಯ ಕುದುರೆ ವ್ಯಾಪಾರಿ. ಪೋಲೋ ಆಟದ ಕುದುರೆ ಕೊಳ್ಳಲು ಬಂದವನು. ಅಪ್ಪಟ ಐರಿಷ್ ಮನುಷ್ಯನೊಬ್ಬ ಸಾನ್ ಎಲೀಯಾಸಿಗೆ ಕಾಲಿಡುತ್ತಿರುವುದು ಎಷ್ಟೋ ವರ್ಷದ ಮೇಲೆ, ಹಾಗಾಗಿ ಸಾಕ್ಷಾತ್ ಸಂತನೇ ಇಳಿದು ಬಂದಂತೆ ಕ್ಲಬ್ಬಿನವರು ರೈಲ್ವೆ ಸ್ಟೇಷನ್ನಿಗೆ ಹಸಿರು ಬಟ್ಟೆ ಕಟ್ಟಿದರು. ಇಳಿದದ್ದು ಪೀಪಾಯಿ ಹೊಟ್ಟೆಯ, ದೊಡ್ಡ ಗಂಟಲಿನ ಮನುಷ್ಯ. ಡಾಕ್ಟರು ಹಾರ ಹಾಕಿ, ನಾಡಿನ ನೋವಿನ ಬಗ್ಗೆ ಎರಡು ಮಾತು ಹೇಳಬೇಕೆಂದು ಕೇಳಿಕೊಂಡ. "ನೋವು ಇರೋದು ನನ್ನ ಕಾಲಲ್ಲಿ. ಕಕ್ಕಸು ಎಲ್ಲಿದೆ?" ಎಂದ ಅತಿಥಿ.

ಅವನಿಗೆ ನಮ್ಮ ರೀತಿ ತಿಳಿಯದು. ಮಾಟೆಯ ಬುರುಡೆ ಕೈಗೆ ಕೊಟ್ಟ ಕೂಡಲೇ "ಥ್ಯಾಂಕ್ಸ್" ಅಂದುಬಿಟ್ಟ. ನಮ್ಮಲ್ಲಿ ಹಾಗಂದರೆ ಸಾಕು, ಇನ್ನು ಬೇಡ ಎಂದರ್ಥ. ಪಾಪ, ಒಂದೇ ಗುಟುಕು. ಬುರುಡೆ ಆಮೇಲೆ ಅವನನ್ನು ದಾಟಿ ದಾಟಿ ಹೋಯಿತು. ಎರಡು ದಿನ ಹೀಗೇ ನಡೆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮತ್ತೆಗೆ ನನ್ನ ಮೇಲೆ ಏನಾದ್ರೂ ಸಿಟ್ಟಾ? ನಾನು ಇನ್ನೂ ಎಷ್ಟು ಮರ್ಯಾದೆ ತೋರಿಸ್ಬೇಕು?" ಎಂದ. ಮರ್ಯಾದೆ ಕಮ್ಮಿ ಮಾಡಿ ಎಂದೆ.

ಹಬ್ಬದ ದಿನ ಪೂಜೆ, ಮೆರವಣಿಗೆ ಮುಗಿಸಿ ನಮ್ಮ ಮನೆಯ ಅಂಗಳದಲ್ಲಿ ಊಟ. ಬೆಂಕಿಯ ಸುತ್ತ ಇಡೀ ಕುರಿಗಳನ್ನು ಶಿಲುಬೆಯ ಹಾಗೆ ಚುಚ್ಚಿ ನಿಲ್ಲಿಸಿ ಸುಡುತ್ತಿದ್ದರು. ಉದ್ದ ಮೇಜಿನ ತುದಿಯಲ್ಲಿ ಅತ್ತೆ, ಅವಳ ಎಡಕ್ಕೆ ಡಾಕ್ಟರು, ಬಲಕ್ಕೆ ಮೀಹಾಲ್, ಅವನ ಪಕ್ಕಕ್ಕೆ ನಾನು. ಐಲೀನ್ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಆ ಹದಿನೈದು ದಿನದಲ್ಲಿ ಅವಳ ಮುಖ ಇಷ್ಟೇ ಇಷ್ಟಾಗಿತ್ತು. ಅತ್ತೆ ಅದನ್ನು ನೋಡದ ಹಾಗೆ ಕೂತಿದ್ದಳು.

ಮೀಹಾಲ್ ಮಾಂಸದ ತುಂಡು ಕೊಯ್ಯುತ್ತಾ ಉಪಚಾರಕ್ಕೆಂದು ಕೇಳಿದ. "ಅಮ್ಮ, ನಿಮ್ಮ ಕಡೆಯೋರು ನಮ್ಮ ದೇಶದಲ್ಲಿ ಯಾವ ಊರಿನೋರು?"

ಇಡೀ ಮೇಜು ಅವಳ ಕಡೆ ತಿರುಗಿತು. ಅತ್ತೆ ಈ ಪ್ರಶ್ನೆಗೆ ಇಡೀ ಜನ್ಮ ಕಾದಿದ್ದಳು. ಬೆನ್ನು ನೆಟ್ಟಗೆ ಮಾಡಿ, ತಾತ ಹೇಳಿದ ಹಾಗೇ ಹೇಳಿದಳು. "ನೀಲಿಸಗಮ್."

ಮೀಹಾಲ್ ಚಾಕು ಕೆಳಗಿಟ್ಟ. ಮುಖ ಅರಳಿಹೋಯಿತು. "ಅಯ್ಯೋ, ನಮ್ಮ ಭಾಷೆ ಬರುತ್ತಾ ನಿಮ್ಗೆ! ಅದೂ ನಮ್ಮ ಕಡೆ ಆಡೋ ಹಾಗೇ! ಹೋಗ್ಲಿ ಬಿಡಿ, ಗೊತ್ತಿಲ್ದಿದ್ರೆ ಏನಂತೆ. ಹಡಗು ಹತ್ತಿದೋರ ಮಕ್ಕಳಿಗೆ ಎಷ್ಟೋ ಜನಕ್ಕೆ ಗೊತ್ತಿರಲ್ಲ."

"ಏನು ಗೊತ್ತಿರಲ್ಲ?"

"ಊರು."

"ನಂಗೆ ಗೊತ್ತಿದೆಯಲ್ಲ."

"ಹೌದಾ? ಯಾವುದು?"

"ನೀಲಿಸಗಮ್!"

"ಈಗ ತಾನೇ ಗೊತ್ತಿದೆ ಅಂದ್ರಲ್ಲ ಅಮ್ಮ."

"ಗೊತ್ತಿರೋದಕ್ಕೇ ಹೇಳ್ತಿದೀನಿ. ನೀಲಿಸಗಮ್, ನೀಲಿಸಗಮ್! ಕಿವಿ ಕೇಳಲ್ವೇನ್ರೀ ನಿಮ್ಗೆ?"

ಮೀಹಾಲ್ ನನ್ನ ಕಡೆ ತಿರುಗಿ, ವಯಸ್ಸಾದವರಿಗೆ ಹೀಗಾಗುವುದುಂಟು ಎಂಬಂತೆ ತಲೆಯಾಡಿಸಿದ. ನಾನು ಅವನಿಗೆ ಕಮಾನು ತೋರಿಸಿದೆ. ಅದು ನಮ್ಮ ಊರಿನ ಹೆಸರು, ಅತ್ತೆ ಹೇಳುವುದು ಅದರ ಸರಿಯಾದ ಉಚ್ಚಾರ ಎಂದೆ. ಅವನು ಕಬ್ಬಿಣದ ಅಕ್ಷರಗಳನ್ನು ತುಟಿ ಕದಲಿಸಿಕೊಂಡು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಅವನ ಹೊಟ್ಟೆ ಕುಣಿಯಲು ಶುರುವಾಯಿತು. ನಗು ಗಂಟಲಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು.

"ಅದು ಊರಲ್ಲ ಕಣಪ್ಪಾ! 'ನಂಗೊತ್ತಿಲ್ಲ' ಅಂತ! ನಮ್ಮ ಭಾಷೇಲಿ ನೀಲಿಸಗಮ್ ಅಂದ್ರೆ 'ನಂಗೊತ್ತಿಲ್ಲ' ಅಂತ!" ಮೇಜು ಗುದ್ದಿದ. "ಹಾಗಾದ್ರೆ ನೀವು ತೋರಿಸಿದ ಆ ಹೋರಿ... ಮೂರನೆಯ ನಂಗೊತ್ತಿಲ್ಲ! ಪದಕ ಬೇರೆ!"

ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಅಂಗಳದಲ್ಲಿದ್ದ ನಮ್ಮವರಿಗೆಲ್ಲ ಇಂಗ್ಲಿಷ್ ಬರುತ್ತದೆ. ಅಂದು ಮೊದಲ ಸಲ ಅದು ಬಾರದಿದ್ದರೆ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸಿರಬೇಕು.

ಡಾಕ್ಟರು ಮೇಲೆದ್ದ. "ಇದರಲ್ಲಿ ಆಶ್ಚರ್ಯ ಏನಿಲ್ಲ. ಪ್ರಾಚೀನ ಊರುಗಳಿಗೆ ಇಂಥ ಗೂಢ ಹೆಸರು ಇರ್ತಿತ್ತು. ಶತ್ರು ಬಂದು ಕೇಳಿದ್ರೆ ಗೊತ್ತಾಗಬಾರದು ಅಂತ ಮಹಾರಾಜರೇ..."

"ಕೂತ್ಕೊಳ್ರೀ ಡಾಕ್ಟ್ರೇ" ಅಂದಳು ಅತ್ತೆ. ದನಿ ಎತ್ತರಿಸಲಿಲ್ಲ. ಡಾಕ್ಟರು ಕೂತ.

ನನಗೆ ನಗು ಬರಬೇಕಿತ್ತು. ಇಂಥ ಗಳಿಗೆಗಾಗಿ ನಾನು ಎಷ್ಟೋ ವರ್ಷ ಹಲ್ಲು ಮಸೆದಿದ್ದೆ. ಆದರೆ ಅತ್ತೆಯ ಕೈ ಮೇಜಿನ ಬಟ್ಟೆಯನ್ನು ಮುದುರುತ್ತಿದ್ದುದನ್ನು ನೋಡಿ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅವಳು ಮುದುರಿದ ಬಟ್ಟೆಯನ್ನು ಕೈಯಿಂದ ನೆಟ್ಟಗೆ ಮಾಡಿದಳು. ಕೊನೆಗೆ ಮೀಹಾಲನನ್ನು ಕೇಳಿದಳು.

"ಊರು ಯಾವುದು ಅಂತ ಕೇಳಿದ್ರೆ ನಿಮ್ಮ ಕಡೆ ಮಕ್ಕಳು ತಮಾಷೆಗೆ ಹಾಗಂತಾರಾ?"

"ಯಾವಾಗ ಬಂದೋನು ನಿಮ್ಮ ತಾತ?"

"ಬರಗಾಲದಲ್ಲಿ. ಹತ್ತು ವರ್ಷಾನೂ ತುಂಬಿರ್ಲಿಲ್ಲ. ಮನೆಯೋರಿಲ್ಲದೆ, ಬೇರೆ ಯಾರ ಜೊತೆಗೋ."

ಮೀಹಾಲನ ನಗು ನಿಂತಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. "ತಮಾಷೆ ಇರಲ್ಲ ಅಮ್ಮ. ಆಗ ನಮ್ಮ ಕಡೆ ರಸ್ತೆ ಪಕ್ಕದಲ್ಲಿ ಮಕ್ಕಳು ಸಿಗ್ತಿದ್ರಂತೆ. ಅಪ್ಪ ಅಮ್ಮ ನಡೀತಾ ನಡೀತಾ ಅಲ್ಲೇ ಹೋಗಿರೋರು. ಯಾವ ಊರು ಮಗು ಅಂತ ಕೇಳಿದ್ರೆ, ಅಷ್ಟು ಚಿಕ್ಕದು ಏನು ಹೇಳುತ್ತೆ? ನಮ್ಮಜ್ಜಿ ಹೇಳೋಳು."

ಅತ್ತೆ ಎದ್ದಳು. "ದಿನಾ ಕೇಳ್ತಿದ್ದೆ ನಾನು. ದಿನಾ. ಹೇಳಿ ಆದ್ಮೇಲೆ ಆ ಕಡೆ ಮುಖ ತಿರುಗಿಸ್ಕೊಳ್ತಿದ್ದ. ಊರು ನೆನಪಾಗಿ ಅಳ್ತಾನೆ ಅನ್ಕೊಂಡು ಮತ್ತೂ ಕೇಳ್ತಿದ್ದೆ." ಯಾರಿಗೆ ಹೇಳಿದಳೋ ಗೊತ್ತಿಲ್ಲ. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಸಾನ್ ಎಲೀಯಾಸಿನಲ್ಲಿ ಸುದ್ದಿ ಕುದುರೆಗಿಂತ ಮುಂಚೆ ಓಡುತ್ತದೆ. ಸಂಜೆಯೊಳಗೆ ಹೋಟೆಲಿನಲ್ಲಿ ಒಬ್ಬರನ್ನೊಬ್ಬರು "ಎಲ್ಲಿಂದ ಬಂದ್ರಿ?" "ನೀಲಿಸಗಾನಿಂದ" ಎಂದು ಕಿಚಾಯಿಸುತ್ತಿದ್ದರಂತೆ. ಕ್ಲಬ್ಬಿನ ಅರ್ಧ ಮಂದಿಗೆ ತಮ್ಮ ತಮ್ಮ ಊರಿನ ಮೇಲೂ ಅನುಮಾನ ಹತ್ತಿತು. ನೀಲಿಸಗಾನಿನ ಪಕ್ಕದ ಊರಿನವರೆಂದು ಹೆಣ್ಣು ತಂದವರು ಈಗ ತಮ್ಮದು ಯಾವುದರ ಪಕ್ಕ ಎಂದು ಡಾಕ್ಟರನ್ನು ಹಿಡಿದುಕೊಂಡರು. ಅವನು ತನಗೇ ಹಲ್ಲುನೋವೆಂದು ಬಾಗಿಲು ಹಾಕಿದ.

ಮರುದಿನ ಬೆಳಿಗ್ಗೆ ಅತ್ತೆ ಹಬ್ಬದ ಕಪ್ಪು ಉಡುಪಿನಲ್ಲೇ ಅಡುಗೆಮನೆಗೆ ಬಂದಳು. "ಗಾಡಿ ತೆಗಿಯೋ. ಆ ಬರಾಸಾ ಮನೆಗೆ ಹೋಗ್ಬೇಕು. ಐಲೀನ್, ನೀನೂ ಹತ್ತು."

"ಯಾಕತ್ತೆ?"

"ಪಂಚಾಯ್ತಿ ಬೇಡ, ಗಾಡಿ ತೆಗಿ."

ಅತ್ತೆ ಹಿಂದುಗಡೆ ಹತ್ತಿ ಕೂತಳು. ಕ್ಷಮೆ ಕೇಳುವ ಅಭ್ಯಾಸ ಇಲ್ಲದವಳು. ಇದ್ದ ಸಿಟ್ಟನ್ನೆಲ್ಲ ಆ ಬಡವನ ಮೇಲೆ ತೀರಿಸುತ್ತಾಳೋ ಏನೋ ಎಂದು ನನಗೆ ಭಯ. ಐಲೀನ್ ನನ್ನ ತೋಳು ಹಿಡಿದ ಕೈ ಬಿಡಲಿಲ್ಲ.

ಬರಾಸಾ ಮನೆ ರೈಲ್ವೆ ಹಳಿಯ ಆಚೆ ಎರಡು ಕೋಣೆಯ ತಗಡಿನ ಮನೆ. ಒಳಗೆ ರಮೀರೋನ ಪೆಟ್ಟಿಗೆ ಕಟ್ಟಿ ಇಟ್ಟಿತ್ತು. ಯೂಸೇಬಿಯೋ ನಮ್ಮನ್ನು ಕಂಡವನೇ ಗಾಬರಿಯಾಗಿ ಆ ಉದ್ದ ತೋಳಿನ ಕೋಟು ಹುಡುಕಿ ಹಾಕಿಕೊಂಡ. ಅತ್ತೆ ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ಕೇಳಿದಳು.

"ಯಜಮಾನರೇ, ಆವತ್ತು ಕೇಳಿದ್ದನ್ನೇ ಕೇಳ್ತೀನಿ. ನಿಮ್ಮ ಕಡೆಯೋರು ಮೂಲದಲ್ಲಿ ಎಲ್ಲಿಯೋರು?"

ಮುದುಕ ಎದೆಯುಬ್ಬಿಸಿ ನಿಂತ. ಶಾಲೆಯ ಮಗು ಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದ. "ನಾವು ಮೂಲದಲ್ಲಿ ಸ್ಪೇನಿನ ಟೊಲೇಡೋದೋರು. ಅಲ್ಲಿನ ಜಮೀನ್ದಾರರ ಎರಡನೇ ಮಗನ ಸಂತಾನ. ಒಂಟೆ ಹಾಗೂ ಕೋಟೆ ನಮ್ಮ ಲಾಂಛನ." ಬಾಯಿ ಮುಚ್ಚುವಾಗ ಒಳಗೆ ಹೊಸ ಹಲ್ಲೊಂದು ಮಿಂಚಿತು. ಡಾಕ್ಟರು ಇಲ್ಲಿಗೂ ಕೈ ಹಾಕಿದ್ದ.

ಅತ್ತೆಯ ಮುಖ ಕಪ್ಪಿಟ್ಟಿತು. ನನಗೂ ಏನಾಗುತ್ತಿದೆ ಎಂದು ಹೊಳೆಯಲಿಲ್ಲ. ಜಮೀನ್ದಾರರ ಸಂತಾನ ಸಿಕ್ಕರೆ ಅವಳು ಕುಣಿಯಬೇಕಲ್ಲ?

"ಟೊಲೇಡೋ?" ಅಂದಳು. "ಗ್ಯಾರಂಟಿನಾ?"

"ಗ್ಯಾರಂಟಿ ಅಮ್ಮಾವ್ರೇ. ಡಾಕ್ಟ್ರು ಪಟಾನೇ ಬರೆದುಕೊಟ್ಟಿದಾರೆ."

"ಹಾಗಾದ್ರೆ ಆಗಲ್ಲ. ಟೊಲೇಡೋದೋರಿಗೂ ನಮಗೂ ಸಂಬಂಧ ಹೊಂದಲ್ಲ. ನಮ್ಮ ಮನೇಲಿ ಕಟ್ಟಳೆ ಕಟ್ಟಳೇನೇ. ಹುಡುಗಿ ಊರೂ ಹುಡುಗನ ಊರೂ ಒಂದೇ ಆಗಿರ್ಬೇಕು." ಕುರ್ಚಿಯಿಂದ ಎದ್ದೇಬಿಟ್ಟಳು.

ಐಲೀನ್ ಬಾಗಿಲಿಗೆ ಒರಗಿದಳು. ರಮೀರೋ ಒಳಕೋಣೆಯಿಂದ ಬಂದವನು ಅಲ್ಲೇ ನಿಂತ. ನನಗೆ ಆಗ ತಟ್ಟನೆ ತಿಳಿಯಿತು, ಅತ್ತೆ ಏನು ಕೇಳಿಸಿಕೊಳ್ಳಲು ಬಂದಿದ್ದಾಳೆ ಎಂದು. ಬಾಯಿ ತೆರೆದೆ. ಅವಳು ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದಳು.

"ತಾತ," ಎಂದ ರಮೀರೋ. "ಸಾಕು ತಾತ. ಆ ಡಾಕ್ಟ್ರ ಹತ್ರ ನಿನ್ನ ಕರ್ಕೊಂಡು ಹೋಗಿದ್ದೇ ನನ್ನ ತಪ್ಪು. ಇದ್ದಿದ್ದು ಹೇಳ್ಬಿಡು. ಹೇಗೂ ನಾನು ಹೊರಟಾಯ್ತು."

ಮುದುಕ ಕೋಟಿನ ಗುಂಡಿಯನ್ನು ಹಾಕಿದ, ತೆಗೆದ. ಹೊಸ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಮಂಚದ ಮೇಲೆ ಕುಸಿದು ಕೂತ.

"ಸುಳ್ಳು ಅಮ್ಮಾವ್ರೇ. ನಂಗೊತ್ತಿಲ್ಲ. ನಮ್ಮಮ್ಮ ಯಾರು ಅಂತಾನೇ ಗೊತ್ತಿಲ್ಲ. ಗೋಧಿ ಚೀಲದ ರೈಲುಗಾಡೀಲಿ ಸಿಕ್ಕಿದ್ನಂತೆ ನಾನು. ಯಾವ ಸ್ಟೇಷನ್ನಿಂದ ಹತ್ತಿಸಿದ್ರೋ ಅದೂ ಗೊತ್ತಿಲ್ಲ. ಬರಾಸಾ ಅನ್ನೋದು ಆ ಗಾಡಿಯೋನ ಹೆಸರು. ಎಲ್ಲಿಯೋನು ನೀನು ಅಂತ ಜನ ಕೇಳ್ದಾಗೆಲ್ಲ ಸಾಯೋ ಹಾಗಾಗುತ್ತೆ."

ಅತ್ತೆ ನಡೆದು ಹೋಗಿ ಆ ಮಂಚದ ಮೇಲೆ, ಅವನ ಪಕ್ಕದಲ್ಲೇ ಕೂತಳು. ನಮ್ಮ ಮನೆಯ ಹೆಂಗಸರು ಹಳಿಯ ಆಚೆ ಕುರ್ಚಿಯಲ್ಲಿ ಕೂತದ್ದೇ ಹೆಚ್ಚು, ಇದು ಮಂಚ.

"ಹೀಗನ್ನಿ ಮತ್ತೆ," ಅಂದಳು. "ಇದನ್ನ ಮೊದ್ಲೇ ಗಟ್ಟಿಯಾಗಿ ಹೇಳಕ್ಕೇನಾಗಿತ್ತು? ನಮ್ಮ ತಾತಾನೂ ಅಲ್ಲಿಯೋನೇ. ಒಂದೇ ಊರಿನೋರು ನಾವು. ಇನ್ನು ನಂದೇನೂ ಅಡ್ಡಿ ಇಲ್ಲ." ಅಷ್ಟು ಹೇಳಿ ಅವಳು ಅತ್ತಳು. ನಾನು ನನ್ನ ಅತ್ತೆ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಯಾರ ಮುಂದೆಯೂ ಮುಖ ಮುಚ್ಚಿಕೊಳ್ಳದೆ ಅತ್ತಳು.

ಐಲೀನ್ ಓಡಿ ಬಂದು ಅಜ್ಜಿಯ ಕಾಲ ಬಳಿ ಕೂತಳು. ರಮೀರೋ ಪೆಟ್ಟಿಗೆಯ ಹಗ್ಗ ಬಿಚ್ಚಲು ಹೋಗಿ, ಗಂಟು ಬಿಚ್ಚಲಾಗದೆ, ನನ್ನನ್ನು ನೋಡಿ ಹುಚ್ಚನ ಹಾಗೆ ನಕ್ಕ. ನಾನೇ ಬಿಚ್ಚಿದೆ.

ಯೂಸೇಬಿಯೋಗೆ ಮಾತ್ರ ಇದೆಲ್ಲ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಕೋಟಿನ ತೋಳಿಂದ ಮೂಗು ಒರೆಸಿಕೊಂಡು, ಅತ್ತೆಯ ಮುಖವನ್ನೇ ನೋಡುತ್ತಾ, ಸಣ್ಣ ದನಿಯಲ್ಲಿ ಹೇಳಿದ. "ಎಷ್ಟು ವರ್ಷ ಆಯ್ತು ಅಮ್ಮಾವ್ರೇ. ನಮ್ಮೂರಿನೋರು ಅಂತ ಒಬ್ಬರೂ ಸಿಕ್ಕಿರ್ಲಿಲ್ಲ."